ಫ್ರಿಸಿಯನ್ ಅಜ್ಜಿ, ಯಿಡ್ಡಿಷ್ ಅಜ್ಜ ಮತ್ತು ಬೆಳಗಿನ ಕಾಫಿ

ಕ್ಯಾಲಿಫೋರ್ನಿಯಾದ ಪೆಟಲೂಮಾ ಊರಿಗೆ ಮೊದಲ ಸಲ ಹೊರಟ ದಿನ ಏನೇನು ಕೆಡಬಹುದು ಎಂದುಕೊಂಡಿದ್ದೆನೋ ಅದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ರೆಕಾರ್ಡರಿನ ಬ್ಯಾಟರಿ ನಡುವೆ ಸತ್ತುಹೋಗಬಹುದು. ಬ್ಯಾಟರಿ ಬದುಕಿದ್ದರೆ ಮೆಮೊರಿ ಕಾರ್ಡು ತುಂಬಿಹೋಗಬಹುದು. ರಿಚ್ಮಂಡ್ ಸೇತುವೆಯ ಮೇಲೆ ಟೈರು ಪಂಕ್ಚರ್ ಆಗಬಹುದು. ಫ್ರಿಜ್ಜಿನ ಗುಂಯ್ ಸದ್ದು ಮಾತಿನ ಅಡಿಯಲ್ಲಿ ಸೇರಿಕೊಳ್ಳಬಹುದು. ಅದಕ್ಕೆಂದು ಫ್ರಿಜ್ಜು ಆಫ್ ಮಾಡಿಸಿ, ಮತ್ತೆ ಆನ್ ಮಾಡುವುದನ್ನು ನಾನು ಮರೆತು, ಅವರ ಮನೆಯ ಹಾಲು ಮಾಂಸವೆಲ್ಲ ಹಳಸಿಹೋಗಬಹುದು. ಹುಂಜ ಕೂಗಬಹುದು. ನಾಯಿ ಕಚ್ಚಬಹುದು. ಕಿವಿಯ ಮೆಷಿನ್ನು ನನ್ನ ಮೈಕಿನ ಹತ್ತಿರ ಬಂದು ಕಿರ್ರೆನ್ನಬಹುದು. "ಧಾರವಾಡದವಳಿಗೆ ನಮ್ಮ ಭಾಷೆಯಲ್ಲಿ ಏನು ಕೆಲಸ?" ಎಂದು ಬಾಗಿಲಲ್ಲೇ ಕೇಳಬಹುದು. ನಾನು ನೋಡಬೇಕಾಗಿದ್ದ ಇಬ್ಬರಲ್ಲಿ ಒಬ್ಬರು ಜರ್ಮನಿಗೆ ಸೇರಿದ ದ್ವೀಪದಿಂದ ಬಂದವರು, ಇನ್ನೊಬ್ಬರು ಯೆಹೂದಿ ಮನೆಯಲ್ಲಿ ಹುಟ್ಟಿದವರು. ನಾನು ತಿಳಿಯದೆ ಆಡಿದ ಒಂದು ಮಾತು ಯಾವುದೋ ಹಳೆಯ ಗಾಯಕ್ಕೆ ತಾಗಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಇಬ್ಬರಿಗೂ ಎಂಬತ್ತು ದಾಟಿದೆ, ನಾನು ತಲುಪುವಷ್ಟರಲ್ಲಿ ಒಬ್ಬರು ಇಲ್ಲವಾಗಿರಬಹುದು. ಹೀಗೆ ಯೋಚಿಸಿದ ತಪ್ಪಿಗೆ ಫ್ರೀವೇಯಲ್ಲೇ ಗಲ್ಲ ಗಲ್ಲ ಬಡಿದುಕೊಂಡೆ. ಸ್ಟೀರಿಂಗಿನಿಂದ ಕೈಬಿಟ್ಟೆನಲ್ಲ ಎಂಬ ಹೊಸ ಭಯ ಆಗ ಸೇರಿಕೊಂಡಿತು.

ನಮ್ಮ ಪ್ರಾಜೆಕ್ಟಿನ ಕೆಲಸ ಕೇಳುವುದಕ್ಕೆ ಸರಳ. ಇಂಗ್ಲಿಷು, ಜರ್ಮನ್, ಡಚ್, ಡೇನಿಷ್ ಇವೆಲ್ಲ ಒಂದೇ ಮನೆತನದ ಭಾಷೆಗಳು. ಆ ಮನೆತನದಲ್ಲಿ ದೊಡ್ಡ ಅಣ್ಣತಮ್ಮಂದಿರ ನೆರಳಲ್ಲಿ ಕೂತ ಸಣ್ಣವರೂ ಇದ್ದಾರೆ: ಉತ್ತರ ಸಮುದ್ರದ ದ್ವೀಪಗಳ ಫ್ರಿಸಿಯನ್, ಯೆಹೂದಿಗಳ ಯಿಡ್ಡಿಷ್, ಸ್ವಿಸ್ ಕಣಿವೆಗಳ ಮಾತು, ಹೀಗೆ. ಒಂದನ್ನು ಆಡುವವರಿಗೆ, ಕಲಿಯದೆಯೇ, ಇನ್ನೊಂದು ಎಷ್ಟು ತಿಳಿಯುತ್ತದೆ ಎಂದು ಜೋಡಿ ಜೋಡಿಯಾಗಿ ಅಳೆಯಬೇಕು. ಅಳೆಯುವುದಕ್ಕೆ ಯುರೋಪಿಗೇ ಹೋಗಬೇಕಿಲ್ಲ, ಬೇ ಏರಿಯಾದಲ್ಲಿ ಎಲ್ಲರೂ ಒಬ್ಬೊಬ್ಬರಾದರೂ ಸಿಗುತ್ತಾರೆ ಎಂಬುದು ನಮ್ಮ ಮುಖ್ಯಸ್ಥೆಯ ವಾದ. ಆಕೆ ಡಚ್ ಹೆಂಗಸು, ಓಕ್ಲ್ಯಾಂಡಿನಲ್ಲಿ ನಮ್ಮ ಪುಟ್ಟ ಆಫೀಸು. ರೆಕಾರ್ಡು ಮಾಡುವುದು, ಕೇಳಿಸಿಕೊಂಡದ್ದನ್ನು ಧ್ವನಿಲಿಪಿಯಲ್ಲಿ ಬರೆಯುವುದು, ಅಂಕಿ ತುಂಬುವುದು ನನ್ನ ಪಾಲಿನ ಕೆಲಸ.

ಅಳತೆಯ ಕ್ರಮ ಹೀಗೆ. ಒಂದು ಸಣ್ಣ ಕಥೆಯನ್ನು ಆ ಭಾಷೆಯ ಯಾರೋ ಓದಿರುತ್ತಾರೆ. ಕೇಳುವವರಿಗೆ ಅಪರಿಚಿತ ದನಿ. ಕಥೆಯ ನಡುವೆ ಅಲ್ಲಲ್ಲಿ ಒಂದು ಪದ ತೆಗೆದು ಅದರ ಜಾಗಕ್ಕೆ 'ಪೀಂ' ಎಂಬ ಸದ್ದು ಹಾಕಿರುತ್ತೇವೆ. ಕೇಳುವವರ ಮುಂದೆ ಚಿತ್ರದ ಕಾರ್ಡುಗಳಿರುತ್ತವೆ: ಹಸು, ದೋಣಿ, ಬ್ರೆಡ್ಡು, ಡಾಕ್ಟರು, ಟೋಪಿ. ಪೀಂ ಎಂದ ಕಡೆ ಯಾವುದು ಸರಿಹೊಂದುತ್ತದೋ ಆ ಕಾರ್ಡನ್ನು ಎತ್ತಬೇಕು. ಕಥೆ ತಿಳಿದರೆ ಸರಿಯಾದ ಕಾರ್ಡು ಬರುತ್ತದೆ. ತಿಳಿಯದಿದ್ದರೆ ಡಾಕ್ಟರು ಹುಲ್ಲು ಮೇಯುತ್ತಾರೆ.

ಪೆಟಲೂಮಾದ ಹೊರಗೆ, ಕೋಳಿ ಸಾಕುತ್ತಿದ್ದವರ ಹಳೆಯ ಜಮೀನುಗಳ ನಡುವೆ, ಬೇಲಿಗೆ ಬೇಲಿ ತಾಗಿದ ಎರಡು ಮನೆ. ಹಿಂದೆ ಉದ್ದುದ್ದದ ಮರದ ಕೋಳಿಶೆಡ್ಡುಗಳು ಖಾಲಿಯಾಗಿ ಒಂದು ಕಡೆಗೆ ವಾಲಿಕೊಂಡಿವೆ. ಒಂದು ಮನೆಯಲ್ಲಿ ಅಜ್ಜಿ. ಮದುವೆಯಾದ ಹೊಸದರಲ್ಲಿ ದ್ವೀಪ ಬಿಟ್ಟು ಬಂದವರು, ಗಂಡನ ಜೊತೆ ಫಾರ್ಮು ನಡೆಸಿದವರು, ಈಗ ಒಂಟಿ. ಪಕ್ಕದ ಮನೆಯಲ್ಲಿ ಅಜ್ಜ; ಇಲ್ಲೇ ಹುಟ್ಟಿದವರು, ಶಾಲೆಗೆ ಸೇರುವವರೆಗೆ ಯಿಡ್ಡಿಷ್ ಬಿಟ್ಟು ಬೇರೆ ಮಾತೇ ಗೊತ್ತಿರಲಿಲ್ಲವಂತೆ, ಅವರೂ ಒಂಟಿ. ಅಜ್ಜಿಯ ಗಂಡ ತೀರಿಕೊಂಡ ಮೇಲೆ ಅಜ್ಜ ದಿನವೂ ಬೆಳಿಗ್ಗೆ ಇವರ ಅಡುಗೆಮನೆಗೆ ಬಂದು ಕಾಫಿ ಕುಡಿಯುತ್ತಾರೆ. ಕಾಫಿಯ ಹೊತ್ತಿನಲ್ಲಿ ಇಂಗ್ಲಿಷು ಬಂದ್. ಅಜ್ಜಿ ದ್ವೀಪದ ಮಾತು ಆಡುತ್ತಾರೆ, ಅಜ್ಜ ಯಿಡ್ಡಿಷ್ ಆಡುತ್ತಾರೆ. ಹಾಗೆಂದು ಯಾವಾಗ ಒಪ್ಪಂದವಾಯಿತು ಎಂದು ಇಬ್ಬರಿಗೂ ನೆನಪಿಲ್ಲ. ನನ್ನ ಜೊತೆ ಮಾತ್ರ ಇಂಗ್ಲಿಷು. ಅದನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿಮಗೆ ಪರಸ್ಪರ ಎಲ್ಲ ಅರ್ಥವಾಗತ್ತಾ?" ಎಂದು ಮೊದಲ ದಿನ ಕೇಳಿದೆ.

"ಅರ್ಥವಾಗದೆ ಇಷ್ಟು ವರ್ಷ ಕಾಫಿ ಖರ್ಚು ಮಾಡ್ತೀನಾ?" ಎಂದರು ಅಜ್ಜಿ.

"ಮಾತು ಬೇರೆ, ಗೊಣಗಾಟ ಒಂದೇ" ಎಂದರು ಅಜ್ಜ. "ಹುಡುಗೀ, ಬೇಗ ನಿನ್ನ ಪರೀಕ್ಷೆ ಮಾಡು. ಇಬ್ಬರೂ ಫಸ್ಟ್ ಕ್ಲಾಸ್."

ಐವತ್ತು ದಾಟಿದವಳನ್ನು ಹುಡುಗಿ ಎಂದರಲ್ಲ, ಅಲ್ಲಿಗೇ ನಾನು ಅವರ ಕಡೆಯವಳಾಗಿಬಿಟ್ಟೆ. ಫಲಿತಾಂಶವನ್ನು ಕೊನೆಗೆ ಇದೇ ಮೇಜಿನಲ್ಲಿ, ಇಬ್ಬರನ್ನೂ ಕೂರಿಸಿಕೊಂಡು ಹೇಳಬೇಕೆಂದು ಇಬ್ಬರೂ ಕೇಳಿದರು. ಖಂಡಿತ ಎಂದೆ. ಆ 'ಖಂಡಿತ' ಎನ್ನುವಾಗ ನನಗೆ ಯಾವ ಭಯವೂ ಆಗಲಿಲ್ಲ ಎಂಬುದನ್ನು ಗಮನಿಸಬೇಕು. ಭಯಪಡಬೇಕಾದ ಜಾಗದಲ್ಲಿ ನಾನು ಯಾವಾಗಲೂ ಫ್ರಿಜ್ಜಿನ ಕಡೆ ನೋಡುತ್ತಿರುತ್ತೇನೆ.

ಅಜ್ಜಿಯ ಪರೀಕ್ಷೆ ಮೊದಲು ನಡೆಯಿತು. ಯಿಡ್ಡಿಷ್ ಕಥೆ ಕೇಳುತ್ತಾ, ಸೊಪ್ಪು ಸೋಸುವ ಹಾಗೆ, ಒಂದೊಂದೇ ಕಾರ್ಡನ್ನು ಪಕ್ಕಕ್ಕೆ ಇಟ್ಟರು. ಒಂದೆರಡು ಬಿಟ್ಟು ಎಲ್ಲ ಸರಿ. ಇನ್ನೊಂದು ದಿನ ಅಜ್ಜನ ಮನೆಯಲ್ಲಿ ಅವರ ಪರೀಕ್ಷೆ. ದ್ವೀಪದ ಕಥೆ ಶುರುವಾಯಿತು. ಅಜ್ಜ ಕಿವಿಯ ಮೆಷಿನ್ನು ಸರಿ ಮಾಡಿಕೊಂಡರು. ಮೊದಲ ಪೀಂ. ಕಾರ್ಡುಗಳನ್ನೇ ನೋಡಿದರು. ಎರಡನೆಯ ಪೀಂ. ದೋಣಿ ಎತ್ತಿದರು. ಅಲ್ಲಿ ಬರಬೇಕಾದದ್ದು ಬ್ರೆಡ್ಡು. ಮುಂದೆ ಹಸು ಬರಬೇಕಾದ ಕಡೆ ಟೋಪಿ ಬಂತು. ಕಥೆ ಮುಗಿಯುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು, ನನ್ನ ಹಣೆಯಲ್ಲೂ ಬೆವರು. ಕಣ್ಣು ಮುಚ್ಚಿಕೊಂಡು ಎತ್ತಿದ್ದರೂ ಅಷ್ಟು ಸರಿ ಬರುತ್ತಿತ್ತು.

ತಪ್ಪು ನನ್ನದೇ ಎಂದು ನನಗೆ ಸಂಶಯವೇ ಇರಲಿಲ್ಲ. ಬೇರೆ ಫೈಲು ಹಾಕಿದೆನೇ? ಇಲ್ಲ. ಉತ್ತರಗಳ ಪಟ್ಟಿ ಹಿಂದೆಮುಂದೆ ಆಗಿತ್ತೇ? ಇಲ್ಲ. ಸ್ಪೀಕರಿನ ದನಿ ಸಣ್ಣದಿತ್ತೇ? ಅಜ್ಜಿಗೆ ಕೇಳಿಸಿದಷ್ಟೇ ಇತ್ತು. ಕಿವಿಯ ದೋಷವೇ ಎಂದು ಜರ್ಮನ್ ಕಥೆ ಹಾಕಿದೆ. ಡಚ್ ಕಥೆ ಹಾಕಿದೆ. ಜರ್ಮನ್ ಚೆನ್ನಾಗಿ ಬಂತು, ಡಚ್ ಸುಮಾರಾಗಿ ಬಂತು. ಕಿವಿ ಗಟ್ಟಿಯಾಗಿಯೇ ಇತ್ತು. ಇನ್ನೊಂದು ವಾರ ಅದೇ ದ್ವೀಪದ ಮಾತಿನಲ್ಲಿ ಬೇರೊಂದು ಕಥೆ, ಬೇರೊಬ್ಬರ ದನಿಯಲ್ಲಿ. ಮತ್ತೆ ಡಾಕ್ಟರು ಹುಲ್ಲು ಮೇದರು.

ಓಕ್ಲ್ಯಾಂಡಿನಲ್ಲಿ ಮುಖ್ಯಸ್ಥೆಗೆ ತೋರಿಸಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ಅಜ್ಜಿ ದ್ವೀಪದ ಶಾಲೆಯಲ್ಲಿ ಜರ್ಮನ್ ಕಲಿತಿದ್ದಾರೆ. ಜರ್ಮನ್ ಎಂಬ ಸೇತುವೆ ಮೇಲೆ ನಡೆದು ಯಿಡ್ಡಿಷಿಗೆ ಬರ್ತಾರೆ. ಅಜ್ಜನಿಗೆ ಆ ಕಡೆ ಹೋಗೋಕೆ ಸೇತುವೆ ಇಲ್ಲ. ಆ ದ್ವೀಪದ ಮಾತು ಎದುರು ದಡದ ಜರ್ಮನರಿಗೇ ತಿಳಿಯೋದಿಲ್ಲ. ಇದೇ ನಮಗೆ ಬೇಕಾಗಿದ್ದು. ಬಹಳ ಸುಂದರವಾದ ಅಂಕಿ!"

"ಆದರೆ ಅವರು ದಿನಾ ಮಾತಾಡ್ತಾರೆ."

"ಮಾತಾಡೋದು ಬೇರೆ, ಅರ್ಥ ಆಗೋದು ಬೇರೆ" ಎಂದರು ಮುಖ್ಯಸ್ಥೆ. ಡಚ್ಚರು ಇಂಥದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ನನಗಾದರೋ ನಂಬಿಕೆ ಬರಲಿಲ್ಲ. ಏಕೆಂದರೆ ಅಡುಗೆಮನೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೆ: ಅಜ್ಜಿ ಏನೋ ಹೇಳುತ್ತಾರೆ, ಅಜ್ಜ ಎದ್ದು ಸಕ್ಕರೆ ಡಬ್ಬ ತರುತ್ತಾರೆ. ಅಜ್ಜಿ ಇನ್ನೇನೋ ಹೇಳುತ್ತಾರೆ, ಅಜ್ಜ ನಗುತ್ತಾರೆ. ನಗುವ ಜಾಗದಲ್ಲೇ ನಗುತ್ತಾರೆ.

ಎರಡನೆಯ ಪರೀಕ್ಷೆ ಮುಗಿದ ದಿನವೇ ಅಜ್ಜ ನನ್ನ ಕಾರಿನವರೆಗೆ ಬಂದಿದ್ದರು. ಬೇಲಿಯ ಕಡೆ ಒಮ್ಮೆ ನೋಡಿ, ಕಾರಿನ ಕಿಟಕಿಗೆ ಬಗ್ಗಿ, "ಹುಡುಗೀ, ನಾನು ಫೇಲ್, ಅಲ್ವಾ?" ಎಂದರು.

"ಇದರಲ್ಲಿ ಪಾಸು ಫೇಲು ಅಂತ ಇರಲ್ಲ."

"ಫೇಲಾದವರಿಗೆ ಹೇಳೋ ಮಾತು ಅದು. ನೋಡು, ಆಕೆಗೆ ಹೇಳಬೇಡ. ಅವಳು ನನಗೆ ಎಲ್ಲಾ ಹೇಳ್ಕೋತಾಳೆ. ಗಂಡನ ವಿಷಯ, ಊರಿನ ವಿಷಯ, ಏನೇನೋ. ನನಗೆ ಗೊತ್ತಾಗತ್ತೆ ಅಂದ್ಕೊಂಡೇ ಹೇಳ್ತಾಳೆ. ಇಷ್ಟು ವರ್ಷ ಗೋಡೆ ಜೊತೆ ಮಾತಾಡಿದೆ ಅಂತ ಆಕೆಗೆ ಅನ್ನಿಸಬಾರದು."

"ನಿಮಗೆ ನಿಜವಾಗ್ಲೂ ಏನೂ ತಿಳಿಯಲ್ವಾ?"

ಅಜ್ಜ ತಲೆ ಕೆರೆದುಕೊಂಡರು. "ಅದೇ ನನಗೂ ಗೊತ್ತಿಲ್ಲ. ಅಲ್ಲಿ ಕೂತಾಗ ತಿಳಿಯತ್ತೆ ಅನ್ನಿಸತ್ತೆ. ನಿನ್ನ ಪೆಟ್ಟಿಗೆ ಮಾತಾಡಿದಾಗ ಒಂದು ಅಕ್ಷರ ತಿಳಿಯಲಿಲ್ಲ."

ಆ ದಿನ ಬೇ ಏರಿಯಾದ ಇನ್ನೊಂದು ತುದಿಯ ಡಬ್ಲಿನ್ನಿನಲ್ಲಿರುವ ನಮ್ಮ ಮನೆಯವರೆಗೆ ಹೇಗೆ ಓಡಿಸಿಕೊಂಡು ಬಂದೆನೋ. ಗೌಪ್ಯತೆಯ ನಿಯಮ ನನ್ನ ಕಡೆ ಇತ್ತು: ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳುವಂತಿಲ್ಲ. ಆದರೆ ಇಬ್ಬರೂ ಸೇರಿ ಕೇಳಿದ್ದಾರಲ್ಲ, ನಾನು ಖಂಡಿತ ಎಂದಿದ್ದೇನಲ್ಲ.

ಮುಂದಿನ ವಾರ ಅಜ್ಜಿಯ ಮನೆಗೆ ಸ್ವಲ್ಪ ಮುಂಚೆಯೇ ಹೋಗಿದ್ದೆ. ಅಜ್ಜ ಇನ್ನೂ ಬಂದಿರಲಿಲ್ಲ. ಅಜ್ಜಿ ಅಡುಗೆಮನೆಯ ಬಾಗಿಲು ಮುಚ್ಚಿದರು. ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವನಿಗೆ ಎಷ್ಟು ತಿಳಿಯತ್ತೆ?" ಎಂದರು.

"ಅದು ನಾನು ಹೇಳೋ ಹಾಗಿಲ್ಲ..."

"ಸ್ವಲ್ಪವೇ ಅಂತ ಹೇಳು. ಸ್ವಲ್ಪವೇ ಅಲ್ವಾ?" ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಾನು ಈ ಮೇಜಿನಲ್ಲಿ ಏನೆಲ್ಲ ಹೇಳಿದೀನಿ ಗೊತ್ತಾ? ನನ್ನ ಗಂಡನಿಗೂ ಹೇಳದೇ ಇದ್ದದ್ದು. ಇವನ ಬಗ್ಗೆ ಇವನ ಮುಖಕ್ಕೇ ಹೇಳಿದ್ದು. ಅವನಿಗೆ ತಿಳಿಯಲ್ಲ ಅನ್ನೋ ಧೈರ್ಯದ ಮೇಲೆ ಹೇಳಿದ್ದು. ಅವನು ಹೂಂ ಹೂಂ ಅಂತಾನೆ, ನನಗೆ ಹಗುರಾಗತ್ತೆ. ಈಗ ನೀನು ಬಂದು, ಅವನಿಗೆ ಎಲ್ಲಾ ತಿಳಿದಿತ್ತು ಅಂದರೆ, ನಾಳೆಯಿಂದ ಈ ಬಾಗಿಲು ಹೇಗೆ ತೆಗೀಲಿ?"

ನನ್ನ ಕೈಯಲ್ಲಿದ್ದ ಮೈಕಿನ ವೈರು ಸುತ್ತಿಕೊಂಡು ಗಂಟಾಯಿತು. ಅಜ್ಜನಿಗೆ, ತಿಳಿಯಲಿಲ್ಲವೆಂದು ಗೊತ್ತಾದರೆ ಕಾಫಿ ನಿಂತೀತು ಎಂಬ ಭಯ. ಅಜ್ಜಿಗೆ, ತಿಳಿದಿತ್ತು ಎಂದು ಗೊತ್ತಾದರೆ ಕಾಫಿ ನಿಲ್ಲಿಸಬೇಕಾದೀತು ಎಂಬ ಭಯ. ಅಂಕಿ ನನ್ನ ಚೀಲದಲ್ಲಿ. "ಅವರಿಗೆ ಏನೂ ತಿಳಿಯುವುದಿಲ್ಲ" ಎಂದರೆ ಅಜ್ಜಿಗೆ ನೆಮ್ಮದಿ, ಅಜ್ಜ ಬೇಡಿಕೊಂಡದ್ದು ಮಣ್ಣುಪಾಲು. ಸುಮ್ಮನಿದ್ದರೆ ಅಜ್ಜಿಗೆ ನಿದ್ದೆಯಿಲ್ಲ. ಜೊತೆಗೆ ಇನ್ನೊಂದು ಗೋಜಲು: ನನ್ನ ಅಂಕಿ ಅಪರಿಚಿತರ ದನಿಯದು. ಅಜ್ಜಿಯ ದನಿಯಲ್ಲಿ ಅಜ್ಜನಿಗೆ ಎಷ್ಟು ತಿಳಿಯುತ್ತದೆ ಎಂದು ನನಗಾಗಲಿ, ಅಜ್ಜನಿಗಾಗಲಿ ಗೊತ್ತಿಲ್ಲ.

ನಾನು ಆಗಾಗ ಮಾಡಿಕೊಂಡಿದ್ದ ಕಾಫಿಯ ಹೊತ್ತಿನ ರೆಕಾರ್ಡಿಂಗುಗಳು ಇದ್ದವು. ಅವುಗಳಲ್ಲಿ ಉತ್ತರ ಸಿಗಬೇಕಿತ್ತು. ಆದರೆ ಅಜ್ಜಿ ಅಂದೇ ಇನ್ನೊಂದು ಷರತ್ತು ಹಾಕಿದರು: "ಸದ್ದು ಎಷ್ಟು ಬೇಕೋ ಕೇಳ್ಕೋ. ನನ್ನ ಮಾತಿನ ಅರ್ಥ ಮಾತ್ರ ಯಾರ ಹತ್ರಾನೂ ಕೇಳಬೇಡ." ರೆಕಾರ್ಡು ಮಾಡಿಸಿಕೊಂಡವರಿಗೆ ಆ ಹಕ್ಕಿದೆ. ದ್ವೀಪದ ಭಾಷೆಯ ಅರ್ಥ ಹೇಳಿಕೊಡಲು ನಮಗೆ ಸಹಾಯ ಮಾಡುತ್ತಿದ್ದವರಿಗೆ ಆ ಫೈಲುಗಳನ್ನು ಕಳಿಸದೆ ಬೀಗ ಹಾಕಿದೆ. ನನ್ನ ಪಾಲಿಗೆ ಉಳಿದದ್ದು ಅಜ್ಜನ ಅರ್ಧ, ಅಜ್ಜಿಯ ಬರಿಯ ನಾದ.

ಅಜ್ಜನ ಅರ್ಧವನ್ನು ಲಿಪಿಗಿಳಿಸಿದೆ. ಯಿಡ್ಡಿಷಿನಲ್ಲಿ 'ನು' ಎಂಬ ಒಂದು ಪುಟ್ಟ ಮಾತಿದೆ. ಆಮೇಲೇನಾಯಿತು, ಹೌದಾ, ಇರಲಿ ಬಿಡು, ಏನು ಮಾಡೋದು, ಇವೆಲ್ಲಕ್ಕೂ ಅದೊಂದೇ ಸಾಕು. ಅಜ್ಜ ಆಡಿದ್ದರಲ್ಲಿ ಬಹುಪಾಲು ಆ ಒಂದೇ ಮಾತು. ಪ್ರತಿಯೊಂದರ ಏರಿಳಿತವನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ಎಳೆದು ನೋಡಿದೆ. ಅಜ್ಜಿಯ ದನಿ ಏರಿದ ಕಡೆ ಅಜ್ಜನ 'ನು' ಏರುತ್ತದೆ, ಇಳಿದ ಕಡೆ ಇಳಿಯುತ್ತದೆ, ಅಜ್ಜಿ ತಡೆದ ಕಡೆ ಅದೂ ತಡೆದು ಬರುತ್ತದೆ. ಇದು ತಿಳಿವಳಿಕೆಯೇ, ತಾಳ ಹಾಕುವುದೇ? ಗೆರೆ ಎಷ್ಟು ದೊಡ್ಡದು ಮಾಡಿ ನೋಡಿದರೂ ಹೇಳಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಕೂತು ಅದೇ ಗೆರೆಗಳನ್ನು ನೋಡುತ್ತಿದ್ದೆ. ಪಕ್ಕದಲ್ಲಿ ನನ್ನ ಗಂಡ ನಮ್ಮವ್ವನ ಜೊತೆ ಫೋನಿನಲ್ಲಿದ್ದರು. ಅವರು ಮೈಸೂರಿನವರು, ವಾಲ್ನಟ್ ಕ್ರೀಕಿನಲ್ಲಿ ಎಂಜಿನಿಯರು. ಮದುವೆಯಾಗಿ ಬೆಳ್ಳಿಹಬ್ಬ ಮುಗಿದಿದೆ. "ಹೂಂ ಅತ್ತೆ... ಹೌದಾ... ಅಯ್ಯೋ... ಸರಿ ಸರಿ... ಹಾಗೇ ಮಾಡೋಣ" ಎನ್ನುತ್ತಿದ್ದರು. ಏರಿದ ಕಡೆ ಏರಿ, ಇಳಿದ ಕಡೆ ಇಳಿದು. ನಾನು ಪೆನ್ನು ಕೆಳಗಿಟ್ಟೆ.

ಫೋನಿಟ್ಟ ಮೇಲೆ ಕೇಳಿದೆ: "ಅಲ್ರೀ, ನಮ್ಮವ್ವ ಏನಂದ್ಲು?"

"ಚೆನ್ನಾಗಿದಾರಂತೆ."

"ಇಷ್ಟೊತ್ತು ಮಾತಾಡಿ ಬರೇ ಚೊಲೊ ಅದೀನಿ ಅಂದ್ಲೇನು?"

"ನೋಡು, ನಿಮ್ಮಮ್ಮ ಸ್ಪೀಡಲ್ಲಿ ಮಾತಾಡಿದಾಗ ಅರ್ಧ ಗೊತ್ತಾಗುತ್ತೆ. ಇನ್ನರ್ಧಕ್ಕೆ ಹೂಂ ಅಂತೀನಿ. ಯಾವ ಅರ್ಧ ಅಂತ ಅವರಿಗೆ ಗೊತ್ತಾಗಬಾರದು, ಅಷ್ಟೇ."

"ಅಯ್ಯ ನನ್ನ ಕರ್ಮ! ನಮ್ಮಳಿಯಾ ಎಷ್ಟ್ ಛಂದ ತಿಳಕೊಂತಾನ ಅಂತ ಅಕಿ ಊರ ತುಂಬ ಹೇಳ್ಕೊಂಡ್ ಅಡ್ಡಾಡ್ತಾಳ!"

"ತಿಳ್ಕೊಂಡಿದೀನಲ್ಲ. ಯಾವಾಗ ಸುಮ್ನೆ ಕೇಳಿಸ್ಕೋಬೇಕು ಅಂತ ತಿಳ್ಕೊಂಡಿದೀನಿ. ನೀನೇನು, ಈಗ ನನಗೂ ಕಾರ್ಡ್ ತೋರಿಸಿ ಟೆಸ್ಟ್ ಮಾಡ್ತೀಯಾ?"

ಒಂದು ಕ್ಷಣ ನನಗೂ ಆ ಆಸೆ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ, ಪರೀಕ್ಷೆ ಮಾಡಿ ಬಂದ ಅಂಕಿಯನ್ನು ಧಾರವಾಡಕ್ಕೆ ಫೋನು ಮಾಡಿ ನಮ್ಮವ್ವನಿಗೆ ಹೇಳುತ್ತೇನೆಯೇ ಎಂದು ಯೋಚಿಸಿದೆ. ಸಾಧ್ಯವೇ ಇಲ್ಲ. ಹಾಗಿದ್ದ ಮೇಲೆ ಪೆಟಲೂಮಾದಲ್ಲಿ ಮಾತ್ರ ಹೇಗೆ ಹೇಳಲಿ?

ಸೋಮವಾರ ಮುಖ್ಯಸ್ಥೆಯ ಮುಂದೆ ಕೂತೆ. ಹೇಳಬೇಕಾದದ್ದನ್ನು ಬಾರ್ಟ್ ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ನನ್ನ ಗೊಣಗಾಟ ಕೇಳಿ ರೈಲಿನಲ್ಲಿ ಎದುರು ಕೂತಿದ್ದವರು ಜಾಗ ಬದಲಾಯಿಸಿದ್ದರು. "ಈ ಜೋಡಿಯನ್ನು ಕೋಷ್ಟಕದಿಂದ ತೆಗೆಯಬೇಕು" ಎಂದೆ.

"ಇಡೀ ಪ್ರಾಜೆಕ್ಟಿನಲ್ಲಿ ದ್ವೀಪದ ಫ್ರಿಸಿಯನ್ ಇರೋದು ಅದೊಂದೇ ಜೋಡಿ."

"ಅದಕ್ಕೇ. ಹೆಸರು ತೆಗೆದರೂ ಆ ಊರಿನಲ್ಲಿ ನಮ್ಮ ಲೇಖನ ಓದಿದವರಿಗೆಲ್ಲ ಯಾರು ಅಂತ ಗೊತ್ತಾಗತ್ತೆ. ಕಡಿಮೆ ಅಂಕಿ ಯಾರದು ಅಂತಲೂ ಗೊತ್ತಾಗತ್ತೆ."

"ಹಾಗಾದರೆ ಅಜ್ಜಿಯ ದನಿಯಲ್ಲೇ ಹೊಸ ಪರೀಕ್ಷೆ ಮಾಡೋಣ. ಅಂಕಿ ಮೇಲೆ ಬರಬಹುದು."

"ಮೇಲೆ ಬಂದರೆ ಅಜ್ಜಿ ಬಾಗಿಲು ಹಾಕ್ತಾರೆ. ಕೆಳಗೇ ಉಳಿದರೆ ಅಜ್ಜ ತಾವಾಗಿ ಬರೋದು ನಿಲ್ಲಿಸ್ತಾರೆ. ಅಲ್ಲದೆ ಒಂದೇ ಜೋಡಿಗೆ ಬೇರೆ ಪರೀಕ್ಷೆ ಮಾಡಿದರೆ ಉಳಿದ ಜೋಡಿಗಳ ಜೊತೆ ಹೋಲಿಸೋದು ಹೇಗೆ?"

ಕೊನೆಯ ಮಾತಿಗೆ ಆಕೆ ಕುರ್ಚಿ ಹಿಂದಕ್ಕೆ ಸರಿಸಿದರು. ಮನುಷ್ಯರ ವಿಷಯ ಕೊಂಚ ತಟ್ಟಿತ್ತು, ಹೋಲಿಕೆಯ ವಿಷಯ ಪೂರ್ತಿ ತಟ್ಟಿತು. ಕಿಟಕಿಯಾಚೆ ಬಂದರಿನ ಕ್ರೇನುಗಳನ್ನು ನೋಡುತ್ತ, "ಇದರಿಂದ ನಮ್ಮ ಲೇಖನ ಬಡವಾಗತ್ತೆ. ಅದು ಗೊತ್ತಿದ್ದೇ ಹೇಳ್ತಿದೀಯಲ್ಲ?" ಎಂದರು. ಗೊತ್ತು ಎಂದೆ. ಗೊತ್ತಿತ್ತೋ ಇಲ್ಲವೋ, ಧೈರ್ಯ ಇರುವಾಗಲೇ ಹೇಳಿಬಿಟ್ಟೆ. ಆಕೆ ನನ್ನ ಎದುರೇ ಆ ಸಾಲನ್ನು ಅಳಿಸಿದರು. "ಅವರಿಗೆ ನೀನೇ ಹೋಗಿ ಹೇಳಬೇಕು" ಎಂದರು.

ಹೋದೆ. ದಾರಿಯುದ್ದಕ್ಕೂ ಏನೇನು ಭಯಪಟ್ಟೆ ಎಂದು ಮತ್ತೆ ಹೇಳುವುದಿಲ್ಲ, ಓದುವವರಿಗೂ ಸುಸ್ತು. ಇಬ್ಬರೂ ಕಾಫಿಗೆ ಕೂತಿದ್ದರು. ಅಜ್ಜಿ ಒಳ್ಳೆಯ ಬಟ್ಟೆ ಹಾಕಿದ್ದರು, ಅಜ್ಜ ತಲೆ ಬಾಚಿದ್ದರು. ಫಲಿತಾಂಶದ ದಿನವಲ್ಲವೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಅಂಕಿ ಇಲ್ಲ" ಎಂದೆ. "ನಮ್ಮ ಪರೀಕ್ಷೆ ಅಪರಿಚಿತರ ಮಾತನ್ನು ಅಳೆಯೋದು. ನೀವು ಅಪರಿಚಿತರಲ್ಲ. ಆದ್ದರಿಂದ ನಿಮ್ಮಿಬ್ಬರನ್ನೂ ಲೆಕ್ಕದಿಂದ ಬಿಟ್ಟಿದೀವಿ. ಯಾರಿಗೂ ಹೇಳೋದಿಲ್ಲ, ನಿಮಗೂ ಹೇಳೋದಿಲ್ಲ."

ಅಜ್ಜ ದೊಡ್ಡದಾಗಿ ಉಸಿರು ಬಿಟ್ಟರು. ಅಜ್ಜಿ ಬಿಡಲಿಲ್ಲ. ಅವರಿಗೆ ನನ್ನ ಮಾತಿನಿಂದ ಏನೂ ಬಗೆಹರಿದಿರಲಿಲ್ಲ. ಗೊತ್ತಿಲ್ಲದ ಸ್ಥಿತಿಯಲ್ಲೇ ನಾಳೆಯೂ ಬಾಗಿಲು ತೆಗೆಯಬೇಕಾಗಿತ್ತು. ನನ್ನನ್ನು ನೋಡಿದರು, ಅಜ್ಜನನ್ನು ನೋಡಿದರು, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟರು.

"ನಿನ್ನ ಪೆಟ್ಟಿಗೆ ಆನ್ ಮಾಡು" ಎಂದರು ನನಗೆ. "ಪರೀಕ್ಷೆ ನಾನೇ ಮಾಡ್ತೀನಿ."

"ಬೇಡ" ಎಂದರು ಅಜ್ಜ.

"ಹೆದರಿಕೆಯಾ?"

"ಹೌದು."

"ನನಗೂ" ಎಂದರು ಅಜ್ಜಿ. "ಹುಡುಗೀ, ಆನ್ ಮಾಡು. ಆಮೇಲೆ ನಾನು ಹಾಗೆ ಹೇಳೇ ಇಲ್ಲ ಅನ್ನೋದಕ್ಕೆ ಇಬ್ಬರಿಗೂ ಅವಕಾಶ ಇರಬಾರದು."

ಆನ್ ಮಾಡಿದೆ. ಕೆಂಪು ದೀಪ ಹತ್ತಿತು. ಮಟ್ಟ ಸರಿಯಾಗಿತ್ತು. ಎರಡನೆಯ ರೆಕಾರ್ಡರನ್ನೂ ಆನ್ ಮಾಡಿ ಪಕ್ಕದಲ್ಲಿಟ್ಟೆ.

ಅಜ್ಜಿ ದ್ವೀಪದ ಮಾತಿನಲ್ಲಿ ಶುರುಮಾಡಿದರು. ನಿಧಾನವಾಗಿ, ಕಣ್ಣು ಬೇರೆ ಕಡೆ ತಿರುಗಿಸದೆ, ಅಜ್ಜನ ಮುಖ ನೋಡುತ್ತ. ಜಾಸ್ತಿ ಹೊತ್ತೇನಲ್ಲ. ನನಗೆ ಪರಿಚಯವಾಗಿದ್ದ ಒಂದೆರಡು ಪದ ಹಿಡಿಯಲು ನೋಡಿದೆ, ಸಿಗಲಿಲ್ಲ. ಅಜ್ಜ ಈ ಸಲ 'ನು' ಎನ್ನಲಿಲ್ಲ. ಅಜ್ಜಿ ಏರಿದರು, ಇಳಿದರು, ಒಂದು ಕಡೆ ತಡೆದರು. ಅಜ್ಜ ಬಾಯಿಬಿಡದೆ ಕೇಳಿಸಿಕೊಂಡರು. ಅಷ್ಟು ದಿನದ ರೆಕಾರ್ಡಿಂಗುಗಳಲ್ಲಿ ಅವರು ಹಾಗೆ ಪೂರ್ತಿ ಸುಮ್ಮನಿದ್ದದ್ದು ಎಲ್ಲೂ ಇರಲಿಲ್ಲ.

ಅಜ್ಜಿ ಮುಗಿಸಿ ಇಂಗ್ಲಿಷಿನಲ್ಲಿ ಕೇಳಿದರು: "ನಾನು ಏನು ಹೇಳಿದೆ?"

ಅಜ್ಜ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಮೇಜಿನ ಮೇಲೆ ಮುಂದಕ್ಕೆ ಬಗ್ಗಿ, ಬಹಳ ಮೆಲ್ಲಗೆ, ಯಿಡ್ಡಿಷಿನಲ್ಲಿ ಉತ್ತರ ಹೇಳಿದರು. ಒಂದೇ ಪದ, ಹೆಚ್ಚೆಂದರೆ ಎರಡು.

ನಾನು ಆವರೆಗೆ ಉಸಿರು ಬಿಗಿಹಿಡಿದುಕೊಂಡು ಕೂತಿದ್ದೆ. ಸರಿಯಾಗಿ ಅವರು ಬಾಯಿ ತೆರೆದಾಗಲೇ ಸೀನಿದೆ.

ಸಣ್ಣ ಸೀನಲ್ಲ. ಕಿಟಕಿಯ ಗಾಜು ಅದುರುವಂಥ, ನಮ್ಮಪ್ಪನ ಮನೆತನದ ಸೀನು. ಅದೂ ಒಂದೇ ಒಂದು. ಒಂಟಿ ಸೀನು ಬಿದ್ದರೆ ಹೊರಟವರನ್ನು ಕೂರಿಸಿ ನೀರು ಕುಡಿಸಿ ಕಳಿಸುವ ಮನೆಯಲ್ಲಿ ಬೆಳೆದವಳು ನಾನು. ಎರಡನೆಯದು ಬರಲಿ ಎಂದು ಮೂಗು ತಿಕ್ಕಿಕೊಂಡೆ, ಬರಲಿಲ್ಲ. ಕೆಡಿಸಿಬಿಟ್ಟೆ, ಇಬ್ಬರ ಬಾಳನ್ನೂ ಕೆಡಿಸಿಬಿಟ್ಟೆ ಎಂದುಕೊಂಡು "ಸಾರಿ, ಸಾರಿ" ಎಂದು ಬಡಬಡಿಸಿದೆ.

ಅಜ್ಜ ಮಾತ್ರ ಬೆರಳು ಮೇಲೆತ್ತಿ ನಗುತ್ತಿದ್ದರು. "ನಮ್ಮಮ್ಮ ಹೇಳ್ತಿದ್ದಳು. ಆಡಿದ ಮಾತಿನ ಮೇಲೆ ಯಾರಾದರೂ ಸೀನಿದರೆ ಆ ಮಾತು ನಿಜ."

ಅಜ್ಜಿ ನಗಲಿಲ್ಲ. ಅವರ ಕಿವಿ ಚುರುಕು, ಮೇಜಿನ ಆ ಬದಿಗೆ ಉತ್ತರ ತಲುಪಿತ್ತು. "ಯಾ" ಎಂದರು, ಹೌದು ಎಂದು, ಅಷ್ಟೇ. ಎದ್ದು ಹೋಗಿ ಕೆಟಲು ತಂದು ಅಜ್ಜನ ಲೋಟವನ್ನು ಅಂಚಿನವರೆಗೆ ತುಂಬಿಸಿದರು. "ನಾಳೆ ಬರುವಾಗ ಹಾಲು ತಗೊಂಡು ಬಾ, ಖಾಲಿಯಾಗಿದೆ" ಎಂದು ಇಂಗ್ಲಿಷಿನಲ್ಲೇ, ಯಾರಿಗೂ ಯಾವ ಸಂಶಯವೂ ಉಳಿಯದ ಹಾಗೆ ಹೇಳಿದರು.

"ಅವರು ಏನಂದರು?" ಎಂದು ನಾನು ಕೇಳಿದೆ. ಇಬ್ಬರೂ ನನ್ನ ಕಡೆ ತಿರುಗಿ, ಆಗಷ್ಟೇ ಬಾಗಿಲಿಗೆ ಬಂದ ಸೇಲ್ಸಿನವಳನ್ನು ನೋಡುವ ಹಾಗೆ ನೋಡಿದರು.

"ಯಿಡ್ಡಿಷ್ ಭಾಗ ನೀನು ಕೇಳಿಸ್ಕೋಬಹುದು, ಅರ್ಥಾನೂ ನೋಡ್ಕೋಬಹುದು" ಎಂದರು ಅಜ್ಜ ಉದಾರವಾಗಿ. "ನಿನ್ನ ಪೆಟ್ಟಿಗೆಯಲ್ಲಿ ಇದೆಯಲ್ಲ."

ಮರುದಿನ ಆಫೀಸಿಗೆ ಹೋದವಳೇ ಫೈಲು ತೆರೆದೆ. ಎರಡೂ ರೆಕಾರ್ಡರುಗಳು ಚೆನ್ನಾಗಿ ಕೆಲಸ ಮಾಡಿದ್ದವು. ಬ್ಯಾಟರಿ ಉಳಿದಿತ್ತು, ಕಾರ್ಡಿನಲ್ಲಿ ಜಾಗ ಉಳಿದಿತ್ತು, ಅಜ್ಜಿಯ ಮಾತು ಮೊದಲಿಂದ ಕೊನೆಯವರೆಗೆ ನೀರಿನಷ್ಟು ತಿಳಿಯಾಗಿತ್ತು. "ನಾನು ಏನು ಹೇಳಿದೆ?" ಎಂಬುದೂ ಸ್ಪಷ್ಟ. ಲೋಟ ಸರಿಸಿದ ಸದ್ದೂ ಇದೆ. ಧ್ವನಿಯನ್ನು ಚಿತ್ರವಾಗಿ ತೋರಿಸುವ ಪರದೆಯಲ್ಲಿ ಅದರ ಮುಂದೆ ಅಜ್ಜನ ತುಟಿ ತೆರೆದ ಒಂದು ಕೂದಲೆಳೆಯಷ್ಟು ಗುರುತು ಕಾಣುತ್ತದೆ. ಅಲ್ಲಿಂದ ಮುಂದೆ ಕೆಳಗಿನಿಂದ ಮೇಲಿನವರೆಗೆ ಗೋಡೆಯ ಹಾಗೆ ಕಪ್ಪು. ಅದು ಪೂರ್ತಿ ನಾನೇ, ನನ್ನ ಒಂಟಿ ಸೀನು.